ಬೆನಗಲ್ ನರಸಿಂಗ ರಾಯರು: ಪಾಲಕನಿಗೆ ಷರತ್ತು ಬರೆದವರು

ಜತ್ತ ತಾಲೂಕಿನ ರೈತ ಮನೆತನಗಳಿಗೆ ಸಾತಬಾರಾ ಉತಾರ ಹೊಸದಲ್ಲ. ತಂದೆ ತೀರಿಕೊಂಡು ಮಗ ಇನ್ನೂ ಚಿಕ್ಕವನಾಗಿದ್ದರೆ, ಆ ಉತಾರದಲ್ಲಿ ಹುಡುಗನ ಹೆಸರಿನೊಡನೆ ‘ಅ.ಪಾ.ಕ.’ ಎಂದು ಬರೆದು ತಾಯಿಯದೋ ಕಾಕಾನದೋ ಹೆಸರನ್ನು ಸೇರಿಸುವುದುಂಟು. ಅಜ್ಞಾನ ಪಾಲನಕರ್ತ ಎಂಬುದರ ಸಂಕ್ಷೇಪವದು. ಹೊಲ ಹುಡುಗನದು, ಪಾಲಕ ನೋಡಿಕೊಳ್ಳುವವನು ಮಾತ್ರ. ಹುಡುಗ ವಯಸ್ಸಿಗೆ ಬಂದ ಮೇಲೆ ಪಾಲಕನ ಹೆಸರು ಅಳಿಯಬೇಕು. ಅಳಿಯದೆ ಉಳಿದರೆ ಏನೇನಾಗುತ್ತದೆಂಬುದನ್ನೂ ನಮ್ಮ ಊರುಗಳು ಬಲ್ಲವು.

ಇಡೀ ಒಂದು ನಾಡನ್ನೇ ಹೀಗೆ ಪಾಲಕನ ಕೈಗೆ ಒಪ್ಪಿಸುವ ಪ್ರಸಂಗ 1949ರಲ್ಲಿ ವಿಶ್ವಸಂಸ್ಥೆಯ ಮುಂದೆ ಬಂದಿತು. ಅಂದು ಪಾಲಕನಿಗೆ ಕಟ್ಟುಪಾಡು ಹಾಕುವ ಕರಡನ್ನು ಭಾರತದ ಪರವಾಗಿ ಮುಂದಿಟ್ಟವರು ಮಂಗಳೂರಿನ ಬೆನಗಲ್ ನರಸಿಂಗ ರಾಯರು.

ರಾಯರು 1887ರ ಫೆಬ್ರವರಿ 26ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ರಾಘವೇಂದ್ರ ರಾಯರು ವೈದ್ಯರು, ಮನೆಮಾತು ಕೊಂಕಣಿ. ಊರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದ್ರಾಸಿನಲ್ಲಿ ಪದವಿ ಪಡೆದು, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದರು. ಐ.ಸಿ.ಎಸ್. ಸೇರಿ ಬಂಗಾಳದಲ್ಲಿಯೂ ಅಸ್ಸಾಮಿನಲ್ಲಿಯೂ ಸೇವೆ ಸಲ್ಲಿಸಿ, ಕಲಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. ಸಿಂಧೂ ನದಿಯ ನೀರಿಗಾಗಿ ಸಿಂಧ್ ಮತ್ತು ಪಂಜಾಬ್ ಪ್ರಾಂತ್ಯಗಳು ಜಗಳಕ್ಕಿಳಿದಾಗ ವಿಚಾರಣಾ ಆಯೋಗದ ಅಧ್ಯಕ್ಷತೆ ಅವರ ಪಾಲಿಗೆ ಬಂದಿತು. ಕಾಲುವೆಯ ನೀರಿಗಾಗಿ ವರ್ಷಗಟ್ಟಲೆ ಕಾದಿರುವ ನಮ್ಮ ತಾಲೂಕಿನವರಿಗೆ ಆ ಹೊಣೆಯ ಭಾರವನ್ನು ಬಿಡಿಸಿ ಹೇಳಬೇಕಿಲ್ಲ.

1946ರಲ್ಲಿ ಅವರು ಸಂವಿಧಾನ ಸಭೆಯ ಸಲಹೆಗಾರರಾದರು. ಸಭೆಯ ಸದಸ್ಯರಲ್ಲ, ಮತದ ಹಕ್ಕೂ ಇಲ್ಲ. ಆದರೂ 1947ರ ಅಕ್ಟೋಬರದಲ್ಲಿ 243 ವಿಧಿಗಳ ಮೊದಲ ಕರಡು ಅವರ ಮೇಜಿನಿಂದಲೇ ಹೊರಬಂದಿತು. ಡಾ. ಅಂಬೇಡ್ಕರರು ತಮ್ಮ ಕೊನೆಯ ಭಾಷಣದಲ್ಲಿ ಇದನ್ನು ನೆನೆದು, ಕೀರ್ತಿಯ ಒಂದು ಪಾಲು ರಾಯರಿಗೆ ಸಲ್ಲಬೇಕೆಂದರು. ಬರ್ಮಾದ ಸಂವಿಧಾನ ರಚನೆಗೂ ರಾಯರು ನೆರವಾದರು.

ಇತ್ತ ಎರಡನೆಯ ಮಹಾಯುದ್ಧದಲ್ಲಿ ಸೋತ ಇಟಲಿ, 1947ರ ಶಾಂತಿ ಒಪ್ಪಂದದಲ್ಲಿ ತನ್ನ ಆಫ್ರಿಕದ ವಸಾಹತುಗಳಾದ ಲಿಬಿಯ, ಎರಿಟ್ರಿಯ, ಸೊಮಾಲಿಲ್ಯಾಂಡ್‌ಗಳ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿತ್ತು. ಮುಂದೇನೆಂಬುದನ್ನು ನಾಲ್ಕು ಮಹಾಶಕ್ತಿಗಳು ತೀರ್ಮಾನಿಸಬೇಕಿತ್ತು. ಅವುಗಳಲ್ಲಿ ಒಮ್ಮತ ಮೂಡದೆ ಪ್ರಶ್ನೆ ವಿಶ್ವಸಂಸ್ಥೆಗೆ ಬಂದಿತು. 1949ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಇಟಲಿಯ ವಿದೇಶಾಂಗ ಮಂತ್ರಿಗಳಾದ ಬೆವಿನ್ ಮತ್ತು ಸ್ಫೋರ್ಜಾ ತಮ್ಮತಮ್ಮಲ್ಲೇ ಒಂದು ಯೋಜನೆ ಹೆಣೆದರು. ಅದರಂತೆ ಲಿಬಿಯವನ್ನು ಮೂರು ತುಂಡು ಮಾಡಿ ಬ್ರಿಟನ್, ಫ್ರಾನ್ಸ್, ಇಟಲಿಗಳ ಧರ್ಮದರ್ಶಿತ್ವಕ್ಕೆ ಒಪ್ಪಿಸಬೇಕು. ಸೊಮಾಲಿಲ್ಯಾಂಡ್ ಮರಳಿ ಇಟಲಿಯ ಕೈಗೆ ಹೋಗಬೇಕು. ಟ್ರಿಪೊಲಿಟೇನಿಯವನ್ನು ಇಟಲಿಗೆ ಕೊಡುವ ಭಾಗಕ್ಕೆ ಮೂರನೆಯ ಎರಡು ಬಹುಮತ ಒಂದೇ ಒಂದು ಮತದಿಂದ ತಪ್ಪಿ, ಯೋಜನೆಯೆಲ್ಲ ಮುರಿದುಬಿದ್ದಿತು.

ಅದೇ ವರ್ಷದ ಕೊನೆಗೆ ಪ್ರಶ್ನೆ ಮತ್ತೆ ಬಂದಾಗ, ಲಿಬಿಯಕ್ಕೆ 1952ರ ಜನವರಿ 1ರೊಳಗೆ ಸ್ವಾತಂತ್ರ್ಯವೆಂದು ನಿಶ್ಚಯವಾಯಿತು. ಸೊಮಾಲಿಲ್ಯಾಂಡಿನ ಗತಿ ಬೇರೆಯಾಯಿತು. ಇಟಲಿ ಮರಳಿ ಬರುವುದನ್ನು ಸೊಮಾಲಿ ಯೂತ್ ಲೀಗ್ ಗಟ್ಟಿಯಾಗಿ ವಿರೋಧಿಸಿತ್ತು. 1948ರ ಜನವರಿಯಲ್ಲಿ ಮೊಗದಿಶುವಿನಲ್ಲಿ ರಕ್ತಪಾತವೂ ಆಗಿತ್ತು. ಆದರೂ ಪಾಲಕನಾಗಿ ನಿಂತದ್ದು ಇಟಲಿಯೇ. ಅದು ಆಗಿನ್ನೂ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರವೂ ಆಗಿರಲಿಲ್ಲ. ಒಂದು ಜನಾಂಗವನ್ನೇ ವಯಸ್ಸಿಗೆ ಬಾರದ ಮಗುವೆಂದು ಎಣಿಸಿ, ಹಿಂದೆ ದುಡಿಸಿಕೊಂಡವನನ್ನೇ ಪಾಲಕನೆಂದು ಕರೆದದ್ದು ನಮಗೆ ಇಂದಿಗೂ ಒಪ್ಪಿಗೆಯಾಗದು.

ಪಾಲಕನನ್ನು ಬದಲಿಸುವುದು ಭಾರತದ ಕೈಯಲ್ಲಿರಲಿಲ್ಲ. ಕರಾರನ್ನು ಬಿಗಿಗೊಳಿಸುವುದು ಸಾಧ್ಯವಿತ್ತು, ರಾಯರು ಹಿಡಿದದ್ದು ಆ ದಾರಿಯನ್ನು. ಒಪ್ಪಂದದೊಡನೆ ಸಂವಿಧಾನಾತ್ಮಕ ತತ್ತ್ವಗಳ ಘೋಷಣೆಯೊಂದು ಅನುಬಂಧವಾಗಿ ಸೇರಬೇಕೆಂಬುದು ಭಾರತದ ಸೂಚನೆ. ನಾಡಿನ ಸಾರ್ವಭೌಮತ್ವ ಅಲ್ಲಿಯ ಜನರದು, ಆಡಳಿತಗಾರ ಅದನ್ನು ಅವರ ಪರವಾಗಿ ಚಲಾಯಿಸುವವನು ಮಾತ್ರ ಎಂಬುದು ಆ ಘೋಷಣೆಯ ಮೊದಲ ಮಾತು. ಆಡಳಿತಗಾರನ ಪಕ್ಕದಲ್ಲಿ ಸ್ಥಳೀಯರ ಪರಿಷತ್ತು ಇರಬೇಕು. ನಿವಾಸಿಗಳ ಮೂಲಹಕ್ಕುಗಳಿಗೆ ರಕ್ಷಣೆ ಇರಬೇಕು. 1949ರ ನವೆಂಬರ್ 21ರ ನಿರ್ಣಯದಲ್ಲಿ ಮಹಾಸಭೆ ಭಾರತದ ಕರಡನ್ನೇ ಮಾರ್ಗದರ್ಶಿಯೆಂದು ಲಗತ್ತಿಸಿತು. ಆಡಳಿತದ ಅವಧಿ ಹತ್ತು ವರ್ಷ, ಅನಂತರ ಸ್ವಾತಂತ್ರ್ಯ ಎಂಬುದೂ ಅದರಲ್ಲೇ ನಮೂದಾಯಿತು. ಮುಂದೆ ಸಿದ್ಧವಾದ ಒಪ್ಪಂದದಲ್ಲಿ ಪ್ರಾಥಮಿಕ ಶಿಕ್ಷಣವನ್ನಾದರೂ ಉಚಿತವಾಗಿ ಕೊಡಬೇಕೆಂಬ ಹೊಣೆಯೂ ಪಾಲಕನ ಮೇಲೆ ಬಿದ್ದಿತು.

ಆ ನಿರ್ಣಯವಾದ ಐದೇ ದಿನಕ್ಕೆ, ನವೆಂಬರ್ 26ರಂದು, ದಿಲ್ಲಿಯಲ್ಲಿ ನಮ್ಮ ಸಂವಿಧಾನ ಅಂಗೀಕಾರವಾಯಿತು. ಅದರ 29 ಮತ್ತು 30ನೆಯ ವಿಧಿಗಳಲ್ಲಿ ಭಾಷಾ ಅಲ್ಪಸಂಖ್ಯಾತರ ಹಕ್ಕುಗಳು ಬರಹಕ್ಕಿಳಿದಿವೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವನ್ನು ಹೇಳುವ 350ಎ ವಿಧಿ 1956ರಲ್ಲಿ ಸೇರಿದ್ದು. ಕನ್ನಡ ಶಾಲೆಗೆ ಶಿಕ್ಷಕರನ್ನು ಕೇಳಲು ಹೋಗುವ ನಮ್ಮ ಪಾಲಕರು ಅರ್ಜಿಯಲ್ಲಿ ಉಲ್ಲೇಖಿಸಬಹುದಾದದ್ದು ಇಂಥ ಬರೆದಿಟ್ಟ ವಿಧಿಗಳನ್ನೇ.

ರಾಯರು 1950ರ ಜೂನ್‌ನಲ್ಲಿ, ಕೊರಿಯ ಯುದ್ಧ ಸಿಡಿದಾಗ, ಭದ್ರತಾ ಸಮಿತಿಯ ಅಧ್ಯಕ್ಷ ಪೀಠದಲ್ಲಿದ್ದರು. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ, ಮರುವರ್ಷ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ನಿಧನರಾದರು.

ಸೊಮಾಲಿಲ್ಯಾಂಡಿನ ಒಪ್ಪಂದಕ್ಕೆ ಮಹಾಸಭೆಯ ಒಪ್ಪಿಗೆ ದೊರೆತದ್ದು 1950ರ ಡಿಸೆಂಬರ್ 2ರಂದು. ಲೆಕ್ಕದಂತೆ ಪಾಲಕನ ಹೆಸರು 1960ರ ಡಿಸೆಂಬರಿನಲ್ಲಿ ಅಳಿಯಬೇಕಿತ್ತು. ಅದು ಅಳಿದದ್ದು ಐದು ತಿಂಗಳು ಮೊದಲೇ, ಜುಲೈ 1ರಂದು. ರಾಯರು ತೀರಿಕೊಂಡು ಆಗ ಆರು ವರ್ಷ ಕಳೆದಿತ್ತು.