ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು

ವಿದ್ಯೆಯು ಪಡೆದವನೊಬ್ಬನನ್ನೇ ಅಲಂಕರಿಸಿದರೆ ಆಭರಣವೆನಿಸುವುದು; ಅನ್ಯರ ಬಾಳಿಗೆ ಊರುಗೋಲಾದರೆ ದಾಸೋಹವೆನಿಸುವುದು. ಈ ತತ್ತ್ವವನ್ನು ಸಂಗೀತದಲ್ಲಿ ಆಚರಿಸಿ ತೋರಿದ ಮಹನೀಯರು ಲಿಂಗೈಕ್ಯ ಶ್ರೀ ಪಂಚಾಕ್ಷರ ಗವಾಯಿಗಳವರು.

ಶ್ರೀಯವರು ೧೮೯೨ನೆಯ ಇಸವಿಯಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಜಂಗಮ ಮನೆತನದಲ್ಲಿ ಜನಿಸಿದರು. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಬಾಲ್ಯದ ನಾಮಧೇಯವು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣುಗಳಿಗೆ ಬೆಳಕಿರಲಿಲ್ಲ. ಸಹೋದರರಾದ ಗುರುಬಸಯ್ಯನವರೂ ಅಂಧರು. ಅಂಧನಾದವನಿಗೆ ಪರರ ಕರುಣೆಯ ತುತ್ತಲ್ಲದೆ ಅನ್ಯಗತಿಯಿಲ್ಲವೆಂದು ಲೋಕವು ಭಾವಿಸಿದ್ದ ಕಾಲವದು. ಆದರೆ ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರು ಈ ಬಾಲಕರಲ್ಲಿ ಕಂಡದ್ದು ಕಣ್ಣಿನ ಕೊರತೆಯನ್ನಲ್ಲ, ಕಂಠದ ಸಿರಿಯನ್ನು. ಅವರ ಕೃಪೆಯಿಂದ ಗದಿಗೆಯ್ಯನವರು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಮಿರಜಕರರಲ್ಲಿ ಗ್ವಾಲಿಯರ ಪರಂಪರೆಯ ಹಿಂದುಸ್ತಾನಿ ಸಂಗೀತವನ್ನೂ ಸಾಧಿಸಿ, ಉಭಯಗಾನವಿಶಾರದರೆಂದು ಪ್ರಖ್ಯಾತರಾದರು.

ಇಂತಹ ವಿದ್ವಾಂಸರಿಗೆ ಸಂಸ್ಥಾನಗಳ ಆಶ್ರಯವೂ ಸಂಪತ್ತೂ ದುರ್ಲಭವಾಗಿರಲಿಲ್ಲ. ಆದರೂ ಶ್ರೀಯವರು ನೈಷ್ಠಿಕ ಬ್ರಹ್ಮಚರ್ಯವನ್ನು ಕೈಕೊಂಡು, ಗುರುವಿನ ಆಜ್ಞೆಯಂತೆ ೧೯೧೪ರಲ್ಲಿ ನಿಡಗುಂದಿಕೊಪ್ಪದಲ್ಲಿ ಸಂಗೀತ ಪಾಠಶಾಲೆಯನ್ನು ಆರಂಭಿಸಿದರು. ಅಂಧರು, ಅನಾಥರು, ಬಡವರು ಜಾತಿಭೇದವಿಲ್ಲದೆ ಅಲ್ಲಿ ಶಿಷ್ಯರಾದರು. ಪಾಠಶಾಲೆಗೆ ನೆಲೆಯಿರಲಿಲ್ಲ. ಊರಿಂದೂರಿಗೆ ಸಂಚರಿಸುತ್ತ, ಭಕ್ತರಿತ್ತ ಅನ್ನದಿಂದ ಮಕ್ಕಳನ್ನು ಪೋಷಿಸುತ್ತ, ಸ್ವರಸಾಧನೆಯನ್ನು ಮಾಡಿಸುತ್ತಿದ್ದರು. ಭಿಕ್ಷೆಯೊಂದರಿಂದ ಸಾಲದಾದಾಗ ನಾಟಕ ಮಂಡಳಿಯನ್ನು ಕಟ್ಟಿದರು. ಕಾಲಾಂತರದಲ್ಲಿ ಗದಗಿನ ಬಸರೀಗಿಡದ ವೀರಪ್ಪನವರ ಔದಾರ್ಯದಿಂದ ಶ್ರೀ ವೀರೇಶ್ವರ ಪುಣ್ಯಾಶ್ರಮಕ್ಕೆ ಸ್ಥಿರವಾದ ನೆಲೆಯು ದೊರಕಿತು.

ಇನ್ನೊಂದು ಉಪಕಾರವನ್ನು ಕನ್ನಡಿಗರು ಮರೆಯಲಾಗದು. ಉತ್ತರ ಕರ್ನಾಟಕದ ರಂಗಭೂಮಿ ಸಂಗೀತಗಳಲ್ಲಿ ಮರಾಠಿಯ ಪ್ರಭಾವವು ಪ್ರಬಲವಾಗಿದ್ದ ದಿನಗಳವು. ಖ್ಯಾಲದ ಸಾಹಿತ್ಯವೂ ಹಿಂದಿಯದೇ. ಶ್ರೀಯವರು ಶರಣರ ವಚನಗಳನ್ನೂ ನಿಜಗುಣ ಶಿವಯೋಗಿಗಳ ಪದಗಳನ್ನೂ ಹಿಂದುಸ್ತಾನಿ ರಾಗಗಳಲ್ಲಿ ಹಾಡಿ, ಶಿಷ್ಯರಿಂದ ಹಾಡಿಸಿ, ಶಾಸ್ತ್ರೀಯ ಗಾನದ ಘನತೆಗೆ ಕನ್ನಡವು ಕುಂದಲ್ಲವೆಂಬುದನ್ನು ಸ್ಥಾಪಿಸಿದರು. ೧೯೩೬ರಲ್ಲಿ ಹಂಪೆಯಲ್ಲಿ ನಡೆದ ವಿಜಯನಗರದ ಆರುನೂರನೆಯ ವರ್ಷದ ಉತ್ಸವದಲ್ಲಿ ತರುಣ ಶಿಷ್ಯರಾದ ಬಸವರಾಜ ರಾಜಗುರುಗಳು ಹಾಡಿದಾಗ ಗುರುಗಳೇ ತಬಲಾ ಸಾಥಿಗೆ ಕುಳಿತರು. ಶಿಷ್ಯನನ್ನು ಮುಂದಿರಿಸಿ ತಾವು ಹಿಂದೆ ನಿಲ್ಲುವ ಆ ನಿಲುವೇ ಅವರ ಜೀವಿತದ ಸಾರವು.

ಶ್ರೀಯವರು ೧೯೪೪ರಲ್ಲಿ ಲಿಂಗೈಕ್ಯರಾದರು. ತಮ್ಮಂತೆಯೇ ದೃಷ್ಟಿಹೀನರಾದ ಶ್ರೀ ಪುಟ್ಟರಾಜ ಗವಾಯಿಗಳವರು ಆಶ್ರಮದ ಭಾರವನ್ನು ಹೊತ್ತು ೨೦೧೦ರಲ್ಲಿ ಲಿಂಗೈಕ್ಯರಾಗುವವರೆಗೂ ಅದನ್ನು ಬೆಳೆಯಿಸಿದರು. ಬೇಡುವ ಕೈಯಾಗಬೇಕಿದ್ದುದು ನೀಡುವ ಕೈಯಾಯಿತು. ಕತ್ತಲೆಯಲ್ಲಿ ಹುಟ್ಟಿದ ಜೀವವು ಅನೇಕರ ಬಾಳಿಗೆ ದೀಪವಾಯಿತು. ನಾದವನ್ನೇ ಲಿಂಗಕ್ಕೆ ಅರ್ಪಿಸಿ, ಅದರ ಪ್ರಸಾದವನ್ನು ದೀನರಿಗೆ ಹಂಚಿದ ಈ ಮಹಾನುಭಾವರ ಸ್ಮರಣೆಯು ನಮ್ಮ ವಿದ್ಯೆಯನ್ನೂ ದಾಸೋಹವಾಗಿಸಲಿ.