ಜೋರಾ ಆರ್ಕಸ್-ಡಂಟೋವ್: ಸಿಲಿಂಡರ್ ಹೆಡ್ ಬದಲಿಸಿದರೆ ಸಾಕೇ?

ಹಳೆಯ ಎಂಜಿನ್‌ಗೆ ಹೊಸ ಸಿಲಿಂಡರ್ ಹೆಡ್ ಕೂರಿಸಿದರೆ ಶಕ್ತಿ ತಾನಾಗಿಯೇ ಹೆಚ್ಚುತ್ತದೆ ಎಂದು ಹಲವರು ನಂಬುತ್ತಾರೆ. ಅದಷ್ಟೇ ಸಾಲದು ಎಂಬುದಕ್ಕೆ ಜೋರಾ ಆರ್ಕಸ್-ಡಂಟೋವ್ ಅವರ ಕೆಲಸವೇ ಸಾಕ್ಷಿ.

1909ರ ಡಿಸೆಂಬರ್ 25ರಂದು ಬ್ರಸೆಲ್ಸ್‌ನಲ್ಲಿ ಹುಟ್ಟಿದ ಜೋರಾ, ಬರ್ಲಿನ್‌ನಲ್ಲಿ ಎಂಜಿನಿಯರಿಂಗ್ ಓದಿದರು. ನಾಜಿಗಳು ಫ್ರಾನ್ಸನ್ನು ಆಕ್ರಮಿಸಿದಾಗ ಈ ಯಹೂದಿ ಕುಟುಂಬ ತಪ್ಪಿಸಿಕೊಂಡು ನ್ಯೂಯಾರ್ಕ್ ಸೇರಿತು. ಅಲ್ಲಿ ಕಿರಿಯ ಸೋದರ ಯೂರಾ ಜೊತೆ ಆರ್ಡನ್ ಕಂಪನಿ ಕಟ್ಟಿದರು.

ಆಗಿನ ಫೋರ್ಡ್ ವಿ8 ಎಂಜಿನ್‌ನಲ್ಲಿ ವಾಲ್ವ್‌ಗಳು ಸಿಲಿಂಡರ್ ಪಕ್ಕದಲ್ಲೇ, ಬ್ಲಾಕ್‌ನೊಳಗೆ ಇದ್ದವು. ರಾಕರ್ ಆರ್ಮ್ ಇರಲೇ ಇಲ್ಲ. ಭಾರ ಹೊತ್ತ ಟ್ರಕ್‌ಗಳಲ್ಲಿ ಆ ಎಂಜಿನ್ ವಿಪರೀತ ಕಾಯುತ್ತಿತ್ತು. ಸೋದರರು ವಾಲ್ವ್‌ಗಳನ್ನು ಮೇಲಕ್ಕೊಯ್ಯುವ ಅಲ್ಯೂಮಿನಿಯಂ ಹೆಡ್ ರೂಪಿಸಿದರು. ಕ್ಯಾಮ್‌ಶಾಫ್ಟ್ ಮಾತ್ರ ಕೆಳಗೇ ಉಳಿಯಿತು. ಹಾಗಾಗಿ ಹೊಸ ಹೆಡ್‌ಗೆ ಹೊಂದುವ ಪುಶ್‌ರಾಡ್, ರಾಕರ್ ಆರ್ಮ್‌ಗಳೂ ಬೇಕಾದವು.

ರಾಕರ್ ಆರ್ಮ್ ಏತದ ಮರದಂತೆ. ಕ್ಯಾಮ್ 6 ಮಿ.ಮೀ. ಎತ್ತಿದರೆ, 1.5 ಅನುಪಾತದ ರಾಕರ್ ವಾಲ್ವನ್ನು 9 ಮಿ.ಮೀ. ತೆರೆಯುತ್ತದೆ; 1.6 ಆದರೆ 9.6 ಮಿ.ಮೀ. ಹೆಡ್‌ನಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಸ್ಪ್ರಿಂಗ್ ಪೂರ್ತಿ ಅದುಮಿಹೋಗಬಹುದು, ವಾಲ್ವ್ ಪಿಸ್ಟನ್‌ಗೆ ಬಡಿಯಬಹುದು. ಪುಶ್‌ರಾಡ್ ಉದ್ದ ತಪ್ಪಿದರೆ ರಾಕರ್ ಓರೆಯಾಗಿ ಒತ್ತಿ ವಾಲ್ವ್ ಗೈಡ್ ಸವೆಯುತ್ತದೆ.

ಜೋರಾ 1953ರಲ್ಲಿ ಜನರಲ್ ಮೋಟಾರ್ಸ್ ಸೇರಿದರು. ಅವರನ್ನು ಕಾರ್ವೆಟ್ ಕಾರಿನ ಜನಕ ಎನ್ನುವುದು ವಾಡಿಕೆ. ವಾಸ್ತವದಲ್ಲಿ ಅವರು ಸೇರುವ ಮೊದಲೇ ಆ ಕಾರು ಪ್ರದರ್ಶನಗೊಂಡಿತ್ತು. ಅದಕ್ಕೆ ನಿಜವಾದ ವೇಗ ತಂದವರಲ್ಲಿ ಅವರು ಪ್ರಮುಖರು. 1996ರಲ್ಲಿ ತೀರಿಕೊಂಡರು.

ನೀವೂ ಹೆಡ್ ಕೊಳ್ಳುವ ಮುನ್ನ ರಾಕರ್‌ನ ಅನುಪಾತ, ಪುಶ್‌ರಾಡ್‌ನ ಉದ್ದ ಕೇಳಿ ತಿಳಿಯಿರಿ.