ಅ. ನ. ಕೃಷ್ಣರಾಯ

ಅರಕಲಗೂಡು ನರಸಿಂಗರಾವ್ ಕೃಷ್ಣರಾಯ (ಮೇ 9, 1908 – ಜುಲೈ 8, 1971) ಕನ್ನಡದ ಪ್ರಮುಖ ಕಾದಂಬರಿಕಾರರು ಹಾಗೂ ಪ್ರಗತಿಶೀಲ ಸಾಹಿತ್ಯ ಚಳವಳಿಯ ಮುಂದಾಳು. 'ಅನಕೃ' ಎಂದೇ ಪ್ರಸಿದ್ಧರಾದ ಇವರನ್ನು ಕಾದಂಬರಿ ಸಾರ್ವಭೌಮ ಎಂದು ಕರೆಯಲಾಗುತ್ತದೆ. ಸಂಗೀತ ಕಛೇರಿಗಳಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಬೇಕೆಂದು ಇವರು ನಡೆಸಿದ ಹೋರಾಟವು ಮುಂದಿನ ಕನ್ನಡ ಚಳವಳಿಗೆ ನಾಂದಿಯಾಯಿತು.

ಜನನ ಮತ್ತು ಮನೆತನ

ಅನಕೃ ಜನಿಸಿದ್ದು ಕೋಲಾರದಲ್ಲಿ. ತಂದೆ ನರಸಿಂಗರಾಯರು, ತಾಯಿ ಅನ್ನಪೂರ್ಣಮ್ಮ. ಹೆಸರಿನ ಮೊದಲ ಅಕ್ಷರವು ಮನೆತನದ ಊರಾದ ಹಾಸನ ಜಿಲ್ಲೆಯ ಅರಕಲಗೂಡನ್ನು ಸೂಚಿಸುತ್ತದೆ. ಇದೇ ತಾಲ್ಲೂಕಿನ, ಕಾವೇರಿ ತೀರದ ರುದ್ರಪಟ್ಟಣವು ಆರ್. ಕೆ. ಶ್ರೀಕಂಠನ್ ಮೊದಲಾದ ಅನೇಕ ಸಂಗೀತಗಾರರ ತವರು.

ಸಾಹಿತ್ಯ

ಮೊದಲ ಕಾದಂಬರಿ 'ಜೀವನಯಾತ್ರೆ'ಯಿಂದ ಆರಂಭಿಸಿ ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ರಚಿಸಿದರು. ವೇಶ್ಯಾ ಸಮಸ್ಯೆಯನ್ನು ಕುರಿತ 'ನಗ್ನಸತ್ಯ', 'ಶನಿಸಂತಾನ' ಮತ್ತು 'ಸಂಜೆಗತ್ತಲು' ಕಾದಂಬರಿಗಳು ಅಶ್ಲೀಲವೆಂಬ ಟೀಕೆಗೆ ಒಳಗಾದಾಗ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಕೃತಿಯ ಮೂಲಕ ಉತ್ತರಿಸಿದರು. 'ಬರಹಗಾರನ ಬದುಕು' ಇವರ ಆತ್ಮಕಥನ.

ಕಲಾವಿದರ ಬದುಕು ಇವರಿಗೆ ಪ್ರಿಯವಾದ ವಸ್ತು. 'ಸಂಧ್ಯಾರಾಗ'ವು ಸಂಗೀತವನ್ನೇ ಬಾಳಾಗಿಸಿಕೊಂಡ ಲಕ್ಷ್ಮಣನೆಂಬ ಗಾಯಕನ ಕಥೆ. 1966ರಲ್ಲಿ ಇದು ರಾಜ್‌ಕುಮಾರ್ ಅಭಿನಯದ ಚಲನಚಿತ್ರವಾಯಿತು. ಭೀಮಸೇನ ಜೋಶಿಯವರು ಅದರಲ್ಲಿ ಹಾಡಿದ್ದಾರೆ.

ಸಂಗೀತದಲ್ಲಿ ಕನ್ನಡದ ಪ್ರಶ್ನೆ

ಕರ್ನಾಟಕ ಸಂಗೀತದ ಪಿತಾಮಹನೆಂದು ಪುರಂದರದಾಸರನ್ನು ಗೌರವಿಸಲಾಗುತ್ತದೆ. ಮಾಯಾಮಾಳವಗೌಳ ರಾಗದ ಆರಂಭಿಕ ಪಾಠಗಳ ಕ್ರಮವನ್ನು ರೂಪಿಸಿದವರು ಅವರೇ ಎಂಬುದು ಸಂಪ್ರದಾಯದ ನಂಬಿಕೆ. ಆದರೆ ಕಛೇರಿಗಳಲ್ಲಿ ತ್ಯಾಗರಾಜರ ತೆಲುಗು ಕೃತಿಗಳಿಗೆ ಮತ್ತು ಮುತ್ತುಸ್ವಾಮಿ ದೀಕ್ಷಿತರ ಸಂಸ್ಕೃತ ಕೃತಿಗಳಿಗೆ ಪ್ರಧಾನ ಸ್ಥಾನವಿದ್ದು, ದೇವರನಾಮಗಳು ಸಾಮಾನ್ಯವಾಗಿ ಕೊನೆಯ ಭಾಗಕ್ಕೆ ಸೀಮಿತವಾಗಿದ್ದವು. ಮೈಸೂರಿನ ಬಿಡಾರಂ ಕೃಷ್ಣಪ್ಪನವರು ದಾಸರ ಪದಗಳಿಗೆ ವೇದಿಕೆಯಲ್ಲಿ ಮನ್ನಣೆ ತಂದಿದ್ದರೂ ಈ ಕ್ರಮ ಬಹುಮಟ್ಟಿಗೆ ಮುಂದುವರಿಯಿತು. ಮದರಾಸಿನಲ್ಲಿ ಇಂಥದೇ ಅಸಮಾಧಾನದಿಂದ 1940ರ ದಶಕದಲ್ಲಿ ತಮಿಳ್ ಇಸೈ ಚಳವಳಿ ಬಲಗೊಂಡಿತ್ತು.

1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಮೋತ್ಸವ ಸಂಗೀತ ಕಛೇರಿಗಳಲ್ಲಿ ಹೊರನಾಡಿನ ಕಲಾವಿದರಿಗೇ ಪ್ರಾಶಸ್ತ್ಯ ದೊರೆಯುತ್ತಿದೆ ಎಂಬ ಆಕ್ಷೇಪ ಎದ್ದಿತು. ಕನ್ನಡ ಕಲಾವಿದರಿಗೆ ಅವಕಾಶ ನೀಡಬೇಕು, ಕನ್ನಡ ಕೃತಿಗಳನ್ನು ಹಾಡಬೇಕು ಎಂಬ ಬೇಡಿಕೆಯೊಂದಿಗೆ ನಡೆದ ಪ್ರತಿಭಟನೆಗೆ ಅನಕೃ ನೇತೃತ್ವ ವಹಿಸಿದರು. ಸಂಗೀತದ ಜೀವಾಳ ರಾಗ ಮತ್ತು ಲಯ, ಅದಕ್ಕೆ ಭಾಷೆಯ ಗಡಿಯಿಲ್ಲ ಎಂಬುದು ಇಂಥ ಬೇಡಿಕೆಗಳಿಗೆ ಎದುರಾಗುವ ವಾದ. ಕರ್ನಾಟಕದ ಹೆಸರನ್ನೇ ಹೊತ್ತ ಸಂಗೀತವು ಕರ್ನಾಟಕದ ರಾಜಧಾನಿಯಲ್ಲಿಯೇ ಕನ್ನಡವನ್ನು ಅಂಚಿಗೆ ಸರಿಸುವುದು ನ್ಯಾಯವೇ ಎಂಬುದು ಹೋರಾಟದ ತಿರುಳಾಗಿತ್ತು.

ಸಂಗೀತದ ವೇದಿಕೆಯಿಂದ ಆರಂಭವಾದ ಈ ವಿವಾದವು ಬೇಗನೆ ಭಾಷಾ ಚಳವಳಿಯಾಗಿ ಬೆಳೆಯಿತು. ಮ. ರಾಮಮೂರ್ತಿ ಮೊದಲಾದವರೊಡನೆ ಅನಕೃ ಡಬ್ಬಿಂಗ್ ಚಿತ್ರಗಳ ವಿರುದ್ಧದ ಹೋರಾಟದಲ್ಲಿಯೂ ಪಾಲ್ಗೊಂಡರು.

ಗೌರವ ಮತ್ತು ನಿಧನ

1960ರಲ್ಲಿ ಮಣಿಪಾಲದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 1971ರ ಜುಲೈ 8ರಂದು ನಿಧನರಾದರು. ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಅಧಿಕೃತವಾಗಿ ಬಂದದ್ದು ಅವರು ತೀರಿಕೊಂಡ ಎರಡು ವರ್ಷಗಳ ನಂತರ, 1973ರ ನವೆಂಬರ್ 1ರಂದು.